ಕುಡಿತ ಬಿಟ್ಟಿದ್ದೇನೆ, ಈಗ ಇದು ಹಿಡಿದಿದೆ: ಇದು ಇನ್ನೊಂದು ಚಟವೇ, ನನ್ನ ಗುಣವೇ?

ಪ್ರಶ್ನೆ: ನನಗೆ 37 ವರ್ಷ. ಮದುವೆಯಾಗಿದೆ, ಒಬ್ಬಳು ಮಗಳಿದ್ದಾಳೆ. ಸುಮಾರು 15 ವರ್ಷ ವಿಪರೀತ ಕುಡಿಯುತ್ತಿದ್ದೆ. ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಬಂದು ಒಂದೂವರೆ ವರ್ಷವಾಯಿತು, ಆಮೇಲೆ ಒಂದು ಹನಿಯನ್ನೂ ಮುಟ್ಟಿಲ್ಲ. ಆದರೆ ಎಂಟು ತಿಂಗಳಿಂದ ರಾತ್ರಿ ಎರಡು ಮೂರು ಗಂಟೆಯವರೆಗೂ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡುತ್ತೇನೆ. ತಿಂಗಳಿಗೆ ಎರಡು ಮೂರು ಸಲ ದುಡ್ಡು ಕೊಟ್ಟು ಹೊರಗೆ ಸಂಬಂಧ ಮಾಡುತ್ತಿದ್ದೇನೆ. ಮುಗಿದ ಮೇಲೆ ನನ್ನ ಮೇಲೆ ನನಗೇ ಹೇಸಿಗೆ. ಬಿಡಬೇಕೆಂದು ಆಣೆ ಹಾಕುತ್ತೇನೆ, ವಾರ ಕಳೆಯುವುದರೊಳಗೆ ಮತ್ತೆ ಅದೇ. ‘ನೀನು ದಂಡಪಿಂಡ, ಹುಟ್ಟಬಾರದಿತ್ತು’ ಎಂದು ಅಪ್ಪ ಕುಡಿದು ಬಂದಾಗಲೆಲ್ಲ ಹೇಳುತ್ತಿದ್ದರು. ಅವರು ಹೇಳಿದ್ದೇ ನಿಜ, ನಾನು ಹುಟ್ಟಿನಿಂದಲೇ ಕೆಟ್ಟವನು. ಇದು ಕುಡಿತದ ಬದಲಿಗೆ ಬಂದ ಚಟವೇ, ಅಥವಾ ನನ್ನ ಗುಣವೇ ಹೀಗೋ? ಹೆಂಡತಿಗೆ ಹೇಳಬೇಕೆ? ಒಮ್ಮೊಮ್ಮೆ ಬದುಕುವುದೇ ಬೇಡ ಅನ್ನಿಸುತ್ತದೆ. (ಹೆಸರು, ಊರು ಬೇಡ)

ಉತ್ತರ: ಮೊದಲು ನಿಮ್ಮ ಪತ್ರದ ಕೊನೆಯ ಸಾಲಿನ ಬಗ್ಗೆ. ಬದುಕು ಬೇಡವೆನ್ನಿಸುವುದು ದಣಿದಾಗ ಬಂದುಹೋಗುವ ಯೋಚನೆಯಷ್ಟೆಯೋ, ಅಥವಾ ಹೇಗೆ, ಯಾವಾಗ ಎಂದು ಯೋಜಿಸುವಲ್ಲಿಯವರೆಗೂ ಹೋಗಿದೆಯೋ ಎಂಬುದು ಪತ್ರದಿಂದ ತಿಳಿಯುವುದಿಲ್ಲ. ಎರಡನೆಯದಾಗಿದ್ದರೆ ಈ ಉತ್ತರವನ್ನು ಓದಿ ಮುಗಿಸುವವರೆಗೂ ಕಾಯಬೇಡಿ. 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಹಗಲೂ ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಇಲ್ಲವೇ ಹತ್ತಿರದ ಜಿಲ್ಲಾ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಮದ್ಯವ್ಯಸನದ ಹಿನ್ನೆಲೆಯಿರುವವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ನೀವು ಬರೆದಿರುವಂಥ ಹೇಸಿಗೆಯ ರಾತ್ರಿಗಳಲ್ಲಿ ಅದು ಇನ್ನಷ್ಟು ಹತ್ತಿರ ಬರುತ್ತದೆ.

ಇನ್ನು ಪ್ರಶ್ನೆಗೆ ಬರೋಣ. ‘ನಾನು ಹುಟ್ಟಿನಿಂದಲೇ ಕೆಟ್ಟವನು’ ಎಂಬುದನ್ನು ನೀವು ಪ್ರಶ್ನಿಸುವ ಅಗತ್ಯವೇ ಇಲ್ಲದ ಸತ್ಯವೆಂಬಂತೆ, ಉಳಿದೆಲ್ಲಕ್ಕೂ ಕಾರಣವೆಂಬಂತೆ ಬರೆದಿದ್ದೀರಿ. ವೈದ್ಯನಾಗಿ ನಾನು ಆ ವಾಕ್ಯವನ್ನು ರೋಗದ ಒಂದು ಭಾಗವಾಗಿ ಓದುತ್ತೇನೆ. ವಿಡಿಯೊಗಿಂತಲೂ, ಹೊರಗಿನ ಸಂಬಂಧಕ್ಕಿಂತಲೂ ಹಳೆಯದಾದ, ಬಹುಶಃ ನಿಮ್ಮ ಮೊದಲ ಗುಟುಕಿಗಿಂತಲೂ ಹಳೆಯದಾದ ಭಾಗ. ಚಿಕಿತ್ಸೆ ಅಲ್ಲಿಗೆ ಮುಟ್ಟದೆ ಹೋದರೆ ನಿಮ್ಮ ಆಣೆಗಳು ವಾರಕ್ಕಿಂತ ಹೆಚ್ಚು ಬಾಳುವುದು ಕಷ್ಟ.

ಅದಕ್ಕೂ ಮುನ್ನ ರೋಗನಿರ್ಣಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ, ಅಂದರೆ 2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ, ‘ಅನಿಯಂತ್ರಿತ ಲೈಂಗಿಕ ವರ್ತನೆಯ ಕಾಯಿಲೆ’ ಎಂದು ಕನ್ನಡದಲ್ಲಿ ಹೇಳಬಹುದಾದ ಒಂದು ಸ್ಥಿತಿಗೆ ಮೊದಲ ಬಾರಿ ಸ್ಥಾನ ಸಿಕ್ಕಿತು. ಅದನ್ನು ವ್ಯಸನಗಳ ಸಾಲಿನಲ್ಲಿ ಇಡದೆ ಪ್ರಚೋದನೆಯನ್ನು ತಡೆಯಲಾಗದ ಕಾಯಿಲೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘವಂತೂ 2013ರ ತನ್ನ ಕೈಪಿಡಿಯಲ್ಲಿ ಇಂಥದೇ ಒಂದು ಪ್ರಸ್ತಾವವನ್ನು ಸೇರಿಸಿಕೊಳ್ಳಲಿಲ್ಲ. ಹಾಗಾಗಿ ‘ಸೆಕ್ಸ್ ಅಡಿಕ್ಷನ್’ ಎಂಬ ಹೆಸರನ್ನು ಜನ ಧಾರಾಳವಾಗಿ ಬಳಸಿದರೂ ಅದು ವ್ಯಸನವೇ ಹೌದೋ ಅಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಿಮ್ಮ ಮಟ್ಟಿಗೆ ಆ ಚರ್ಚೆಗಿಂತ ಲಕ್ಷಣಗಳು ಮುಖ್ಯ: ತೀವ್ರವಾದ ಲೈಂಗಿಕ ಒತ್ತಡವನ್ನು ತಡೆಯಲು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಸೋಲುವುದು, ನಿದ್ದೆ, ಕೆಲಸ, ಸಂಸಾರಗಳಿಗೆ ಪೆಟ್ಟು ಬೀಳುತ್ತಿದ್ದರೂ ಮುಂದುವರಿಯುವುದು, ಅದರಿಂದ ಸಿಗುವ ಸುಖ ಕಡಿಮೆಯಾದ ಮೇಲೂ ಬಿಡಲಾಗದಿರುವುದು. ನೀವು ಬರೆದಿರುವುದು ಇದಕ್ಕೆ ಹತ್ತಿರವಾಗಿದೆ. ಆದರೆ ಖಚಿತವಾಗಿ ಹೇಳಲು ಎದುರು ಕೂತು ಮಾತನಾಡಬೇಕು.

ಇದೇ ವರ್ಗೀಕರಣದಲ್ಲಿ ಒಂದು ಎಚ್ಚರಿಕೆಯೂ ಇದೆ, ನಮ್ಮ ಸಮಾಜಕ್ಕೆ ಅದು ತುಂಬ ಬೇಕಾದದ್ದು. ‘ಇದು ಪಾಪ’ ಎಂಬ ನೈತಿಕ ಸಂಕಟ ಮಾತ್ರವಿದ್ದು, ವರ್ತನೆ ನಿಜವಾಗಿ ಹತೋಟಿ ತಪ್ಪಿಲ್ಲವಾದರೆ ಅದನ್ನು ಕಾಯಿಲೆಯೆಂದು ಕರೆಯಬಾರದು. ಹಸ್ತಮೈಥುನದಿಂದ ಧಾತು ನಷ್ಟವಾಗಿ ಶಕ್ತಿ ಉಡುಗುತ್ತದೆಂಬ ಭಯದಲ್ಲಿ ನರಳುವ ಯುವಕರನ್ನು ಕಂಡು ನಮ್ಮ ದೇಶದ ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂಬ ಹೆಸರು ಕೊಟ್ಟಿದ್ದರು. ಆ ಯುವಕರಿಗೆ ಬೇಕಾದದ್ದು ಸರಿಯಾದ ತಿಳಿವಳಿಕೆ, ವ್ಯಸನಿಯೆಂಬ ಹಣೆಪಟ್ಟಿಯಲ್ಲ. ಬಸ್ ನಿಲ್ದಾಣದ ಗೋಡೆಗಳ ಮೇಲೆ ಜಾಹೀರಾತು ಅಂಟಿಸುವ ‘ಗುಪ್ತರೋಗ ತಜ್ಞರು’ ಬದುಕುತ್ತಿರುವುದೇ ಈ ಭಯದ ಮೇಲೆ, ಅವರ ಬಾಗಿಲಿಗೆ ಮಾತ್ರ ಹೋಗಬೇಡಿ.

ಇನ್ನು ಕೆಲವು ಸಾಧ್ಯತೆಗಳನ್ನು ವೈದ್ಯರು ಮೊದಲೇ ಪರಿಶೀಲಿಸಬೇಕು. ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಲ್ಲಿ ಕಾಮದ ಒತ್ತಡ ಏಕಾಏಕಿ ಏರುತ್ತದೆ. ಜೊತೆಗೆ ಕೆಲವು ಗಂಟೆಯಷ್ಟೇ ನಿದ್ರಿಸಿದರೂ ದಣಿವಿರುವುದಿಲ್ಲ, ಮಾತು, ಖರ್ಚು, ಉತ್ಸಾಹ ಎಲ್ಲವೂ ಮಿತಿ ಮೀರುತ್ತವೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧಗಳೂ, ಮನೋರೋಗ ಚಿಕಿತ್ಸೆಯಲ್ಲಿ ಬಳಸುವ ಅರಿಪಿಪ್ರಜೋಲ್ ಕೂಡ ಕೆಲವರಲ್ಲಿ ಇಂಥ ಒತ್ತಡವನ್ನು ಹುಟ್ಟಿಸುತ್ತವೆ. ವ್ಯಸನಮುಕ್ತಿ ಕೇಂದ್ರದಿಂದ ಬಂದ ಮೇಲೆ ನೀವು ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಆ ಚೀಟಿಯನ್ನು ಜೊತೆಗೆ ಒಯ್ಯಿರಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಇವು ಯಾವುವೂ ಇಲ್ಲವೆಂದಾದ ಮೇಲೆ ಉಳಿಯುವುದು ನಿಮ್ಮ ಅಪ್ಪನ ಮಾತು. ಖಿನ್ನತೆಯ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ, ಮನಸ್ಸಿನ ಮೇಲ್ಪದರದಲ್ಲಿ ಓಡಾಡುವ ಯೋಚನೆಗಳ ಕೆಳಗೆ ತನ್ನ ಬಗ್ಗೆ, ಲೋಕದ ಬಗ್ಗೆ ಗಟ್ಟಿಯಾಗಿ ನೆಲೆಸಿದ ನಂಬಿಕೆಗಳಿರುತ್ತವೆಂದು ಗುರುತಿಸಿದರು. ಅವರ ಬಳಿ ಪಳಗಿದ ಜೆಫ್ರಿ ಯಂಗ್ ಅವರು ಬಾಲ್ಯದಲ್ಲಿ ಬೇರುಬಿಟ್ಟ ಇಂಥ ನಂಬಿಕೆಗಳನ್ನು ‘ಸ್ಕೀಮಾ’ಗಳೆಂದು ಕರೆದು, ಐದು ಗುಂಪುಗಳಲ್ಲಿ ಹದಿನೆಂಟನ್ನು ವಿವರಿಸಿದರು. ‘ನನ್ನಲ್ಲೇ ಏನೋ ಊನವಿದೆ, ಒಳಗಿನ ನನ್ನನ್ನು ಕಂಡವರು ದೂರ ಸರಿಯುತ್ತಾರೆ’, ‘ಹತ್ತಿರದವರು ಇಂದಲ್ಲ ನಾಳೆ ಬಿಟ್ಟುಹೋಗುತ್ತಾರೆ’, ‘ನನಗೆ ಬೇಕಾದ ಅಕ್ಕರೆ ಯಾರಿಂದಲೂ ಸಿಗುವುದಿಲ್ಲ’, ‘ನಂಬಿದರೆ ಮೋಸ ಹೋಗುತ್ತೇನೆ’, ‘ನನಗೆ ನನ್ನ ಮೇಲೆ ಹಿಡಿತವಿಲ್ಲ’ ಎಂಬವು ಅವುಗಳಲ್ಲಿ ಕೆಲವು. ಇವು ಹುಟ್ಟುವುದು ಮಗುವಿಗೆ ಸಿಗಬೇಕಾದ ಭದ್ರತೆ, ಮಮತೆ, ಮೆಚ್ಚುಗೆ ಸಿಗದೆ ಹೋದಾಗ, ಅಥವಾ ಅದರ ಬದಲು ಹೊಡೆತ, ಹೀಯಾಳಿಕೆ, ಲೈಂಗಿಕ ದೌರ್ಜನ್ಯ ಸಿಕ್ಕಾಗ. ಕುಡಿದು ಬಂದ ತಂದೆಯ ಮಾತನ್ನು ‘ಇದು ಹೆಂಡದ ಮಾತು’ ಎಂದು ತಳ್ಳಿಹಾಕಲು ಎಂಟು ವರ್ಷದ ಹುಡುಗನಿಗೆ ಸಾಧ್ಯವಿಲ್ಲ. ಮನೆಯನ್ನೇ ನೆಚ್ಚಿಕೊಂಡ ಮಗುವಿಗೆ ಮನೆ ಕೆಟ್ಟಿದೆಯೆಂದು ನಂಬುವುದಕ್ಕಿಂತ ತಾನು ಕೆಟ್ಟವನೆಂದು ನಂಬುವುದೇ ಸುಲಭ.

ಲೈಂಗಿಕ ದೌರ್ಜನ್ಯದ ಮಾತನ್ನು ಬೇಕೆಂದೇ ಎತ್ತಿದೆ. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ, ಇಲ್ಲದಿರಲೂಬಹುದು. ಆದರೆ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ಹೇಳಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರೇ ಇದ್ದರು. ಗಂಡಸರು ಇದನ್ನು ಹೇಳಿಕೊಳ್ಳುವುದು ಅಪರೂಪ. ನಿಮಗೆ ಹಾಗೇನಾದರೂ ನೆನಪಿದ್ದರೆ ಚಿಕಿತ್ಸಕರಿಗೆ ತಿಳಿಸಿ. ಮೊದಲ ದಿನವೇ ಹೇಳಬೇಕೆಂದೇನೂ ಇಲ್ಲ.

ಈ ನಂಬಿಕೆಗೂ ಕಾಮದ ಒತ್ತಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಪ್ಯಾಟ್ರಿಕ್ ಕಾರ್ನ್ಸ್ ಎಂಬ ಅಮೆರಿಕದ ಚಿಕಿತ್ಸಕರು 1983ರಲ್ಲೇ ಇಂಥ ವರ್ತನೆಯ ಬುಡದಲ್ಲಿ ನಾಲ್ಕು ನಂಬಿಕೆಗಳನ್ನು ಗುರುತಿಸಿದ್ದರು: ನಾನು ಮೂಲತಃ ಕೆಟ್ಟವನು, ನಾನಿರುವ ಹಾಗೆ ನನ್ನನ್ನು ಯಾರೂ ಪ್ರೀತಿಸಲಾರರು, ಇನ್ನೊಬ್ಬರನ್ನು ನೆಚ್ಚಿದರೆ ನನ್ನ ಅಗತ್ಯಗಳು ಪೂರೈಸುವುದಿಲ್ಲ, ನನ್ನ ಅಗತ್ಯಗಳಲ್ಲೆಲ್ಲ ಮುಖ್ಯವಾದದ್ದು ಕಾಮ. ವ್ಯಸನದ ಮಾದರಿಯನ್ನು ಅವರು ಅತಿಯಾಗಿ ಹಿಗ್ಗಿಸಿದರೆಂದು ಟೀಕಿಸುವವರಲ್ಲಿ ನಾನೂ ಒಬ್ಬ, ಆದರೂ ಮೊದಲ ಮೂರು ನಂಬಿಕೆಗಳ ವಿಷಯದಲ್ಲಿ ಅವರ ಕಣ್ಣು ಚುರುಕಾಗಿತ್ತು. ಕಳೆದ ದಶಕದಲ್ಲಿ ಅಮೆರಿಕದಲ್ಲಿ ವಸತಿ ವ್ಯಸನಮುಕ್ತಿ ಕೇಂದ್ರಗಳಿಗೆ ದಾಖಲಾದವರನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರು, ಇಂಥ ಬೇರೂರಿದ ನಂಬಿಕೆಗಳು ಹೆಚ್ಚಿರುವವರಲ್ಲಿ ಹತೋಟಿಯಿಲ್ಲದ ಲೈಂಗಿಕ ವರ್ತನೆಯೂ ಹೆಚ್ಚಾಗಿರುವುದನ್ನು ಕಂಡರು. ಆ ಅಧ್ಯಯನಗಳು ಎರಡನ್ನೂ ಒಂದೇ ಹೊತ್ತಿನಲ್ಲಿ ಅಳೆದವು, ಆದ್ದರಿಂದ ನಂಬಿಕೆಯೇ ಕಾರಣವೆಂದು ಅವು ಸಾಧಿಸುವುದಿಲ್ಲ. ಎರಡೂ ಜೊತೆಯಲ್ಲಿ ಓಡಾಡುತ್ತವೆ ಎಂದು ಮಾತ್ರ ಹೇಳಬಹುದು. ಚಿಕಿತ್ಸಾ ಕೊಠಡಿಯಲ್ಲಿ ನಾವು ಕಾಣುವುದೂ ಅದಕ್ಕೆ ಹೊಂದುತ್ತದೆ.

ನೋವು ಕೊಡುವ ನಂಬಿಕೆಯೊಂದಿಗೆ ಬದುಕಲು ಮನುಷ್ಯ ಮೂರು ದಾರಿ ಹಿಡಿಯುತ್ತಾನೆಂದು ಯಂಗ್ ಹೇಳುತ್ತಾರೆ. ಮೊದಲನೆಯದು ಅದಕ್ಕೆ ಶರಣಾಗುವುದು: ಹೇಗೂ ಕೆಟ್ಟವನೇ ತಾನೆ, ಇನ್ನೇನು ಕೆಡುವುದಿದೆ ಎಂದು ನಂಬಿಕೆ ಹೇಳಿದ ಹಾಗೆ ನಡೆಯುವುದು. ಎರಡನೆಯದು ತಪ್ಪಿಸಿಕೊಳ್ಳುವುದು: ಆ ಭಾವನೆ ಮೇಲೇಳುವ ಮೊದಲೇ ಅದನ್ನು ಮಂಕುಗೊಳಿಸುವ ಏನನ್ನಾದರೂ ಹುಡುಕಿಕೊಳ್ಳುವುದು. ಮೂರನೆಯದು ಅದಕ್ಕೆ ತದ್ವಿರುದ್ಧವಾಗಿ ಮೆರೆಯುವುದು: ಹೊಸ ಹೊಸ ಸಂಗಾತಿಗಳನ್ನು ಗೆದ್ದು ತಾನು ಬೇಕಾದವನೆಂದು ತನಗೇ ಸಾಬೀತು ಮಾಡಿಕೊಳ್ಳುವುದು. ಮದ್ಯ ಎರಡನೆಯ ದಾರಿಯ ಸಲಕರಣೆ. ಕಾಮವಾದರೋ ಮೂರು ದಾರಿಗೂ ಒದಗುತ್ತದೆ. ದುಡ್ಡು ಕೊಟ್ಟ ಸಂಬಂಧದಲ್ಲಿ ತಿರಸ್ಕಾರದ ಭಯವಿಲ್ಲ, ಒಳಗಿನದನ್ನು ತೋರಿಸಬೇಕಾಗಿಲ್ಲ. ಪರದೆಯ ಮೇಲಿನವರಂತೂ ನಿಮ್ಮನ್ನು ನೋಡುವುದೇ ಇಲ್ಲ. ನಿಕಟವಾದರೆ ಸಿಕ್ಕಿಬೀಳುತ್ತೇನೆಂದು ಹೆದರುವ ಮನಸ್ಸಿಗೆ ಇದು ನಿಕಟತೆಯಿಲ್ಲದೆ ಸಿಗುವ ಸ್ಪರ್ಶ. ನಿಮ್ಮ ಹೊರಗಿನ ಸಂಬಂಧಗಳಲ್ಲಿ ಹೆಂಡತಿಯ ಮೇಲಿನ ಅತೃಪ್ತಿಗಿಂತ ಹೆಂಡತಿ ನಿಮ್ಮನ್ನು ಪೂರ್ತಿಯಾಗಿ ಅರಿತುಬಿಟ್ಟಾಳೆಂಬ ಭಯವೇ ಹೆಚ್ಚು ಕೆಲಸ ಮಾಡುತ್ತಿರಬಹುದು. ಚಿಕಿತ್ಸೆಯಲ್ಲಿ ಇದನ್ನು ಖಂಡಿತ ಕೆದಕಿ ನೋಡಿ.

ಹಾಗಾದರೆ ಇದು ಬದಲಿ ಚಟವೇ? ಒಂದನ್ನು ಬಿಟ್ಟವನಿಗೆ ಇನ್ನೊಂದು ಅಂಟಿಯೇ ತೀರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ದೊಡ್ಡ ಸಮೀಕ್ಷೆಯೊಂದನ್ನು ಆಧರಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಒಂದು ಮಾದಕ ವಸ್ತುವಿನ ವ್ಯಸನದಿಂದ ಹೊರಬಂದವರಲ್ಲಿ ಹೊಸದೊಂದು ಮಾದಕ ವ್ಯಸನ ಶುರುವಾಗುವ ಸಂಭವ, ಹೊರಬಾರದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟೇ ಇತ್ತು. ಆದರೂ ನಿಮ್ಮಂಥವರಲ್ಲಿ ಬಿಟ್ಟ ಕೆಲವು ತಿಂಗಳ ನಂತರ ಇದು ತಲೆಯೆತ್ತುವುದಕ್ಕೆ ಕಾರಣಗಳಿವೆ. ಕುಡಿತ ನಿಂತ ಮೇಲೂ ಹಲವು ತಿಂಗಳು ನಿದ್ದೆ ಸರಿಯಿರುವುದಿಲ್ಲ, ಸಿಡುಕು ಹೋಗುವುದಿಲ್ಲ, ಯಾವುದರಲ್ಲೂ ರುಚಿ ಇರುವುದಿಲ್ಲ. ಬಹುಕಾಲದ ಕುಡಿತದಿಂದ ಕುಗ್ಗಿದ್ದ ಕಾಮಶಕ್ತಿ ನಿಧಾನವಾಗಿ ಮರಳುತ್ತದೆ. ಬಾರಿನಲ್ಲಿ ಕಳೆಯುತ್ತಿದ್ದ ಸಂಜೆಗಳು ಖಾಲಿ ಬೀಳುತ್ತವೆ, ಕೈಯಲ್ಲಿ ಮೊಬೈಲ್ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, 15 ವರ್ಷ ಮದ್ಯ ಅದುಮಿ ಇಟ್ಟಿದ್ದ ಅಪ್ಪನ ದನಿ ಈಗ ಸ್ಪಷ್ಟವಾಗಿ ಕೇಳಿಸತೊಡಗುತ್ತದೆ. ವ್ಯಸನಮುಕ್ತಿ ಕೇಂದ್ರಗಳಲ್ಲಿ ಬಹಳಷ್ಟು ಕಡೆ ಲಿವರ್ ಬಗ್ಗೆ, ಕುಟುಂಬದ ಖರ್ಚಿನ ಬಗ್ಗೆ ಕೇಳುತ್ತಾರೆಯೇ ಹೊರತು ಲೈಂಗಿಕ ಬದುಕಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಇದು ನಮ್ಮ ವೃತ್ತಿಯ ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ಈಗ ಆಣೆಗಳ ವಿಷಯ. ವ್ಯಸನದ ಮರುಕಳಿಕೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಅವರು 1980ರ ದಶಕದಲ್ಲಿ ಒಂದು ಮುಖ್ಯ ಸಂಗತಿಯನ್ನು ವಿವರಿಸಿದರು. ಬಿಟ್ಟವನು ಒಮ್ಮೆ ಎಡವಿದಾಗ, ಅದು ಪೂರ್ತಿ ಬೀಳುವುದಾಗಿ ಬೆಳೆಯುತ್ತದೆಯೋ ಇಲ್ಲವೋ ಎಂಬುದು ಆ ಎಡವಿಗೆ ಅವನು ಕೊಟ್ಟುಕೊಳ್ಳುವ ಕಾರಣವನ್ನು ಬಹುಮಟ್ಟಿಗೆ ಅವಲಂಬಿಸಿದೆ. ‘ನಿದ್ದೆಗೆಟ್ಟಿದ್ದೆ, ಜಗಳವಾಗಿತ್ತು, ಒಬ್ಬನೇ ಇದ್ದೆ’ ಎಂದುಕೊಂಡವನು ನಾಳೆ ನಿದ್ದೆಯ ಬಗ್ಗೆ, ಜಗಳದ ಬಗ್ಗೆ, ಒಂಟಿತನದ ಬಗ್ಗೆ ಏನಾದರೂ ಮಾಡಬಲ್ಲ. ‘ನಾನಿರುವುದೇ ಹೀಗೆ’ ಎಂದುಕೊಂಡವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಅವನಿಗೆ ಉಳಿಯುವುದು ಆ ಹೇಸಿಗೆ ಮಾತ್ರ, ಅದನ್ನು ತಾಳಲಾರದೆ ಮತ್ತೆ ಅಲ್ಲಿಗೇ ಓಡುತ್ತಾನೆ. ನೀವು ನಿಮ್ಮನ್ನು ಬೈದುಕೊಳ್ಳುವುದನ್ನು ಪ್ರಾಯಶ್ಚಿತ್ತವೆಂದು ತಿಳಿದಿರಬಹುದು, ಆದರೆ ಅದು ಮುಂದಿನ ಸಲಕ್ಕೆ ಸಿದ್ಧತೆಯಾಗುತ್ತಿದೆ. ಮಾಡಿದ ಕೆಲಸದ ಬಗ್ಗೆ ಪಶ್ಚಾತ್ತಾಪವಿರಲಿ, ಅದು ಮನುಷ್ಯನನ್ನು ಸರಿಪಡಿಸಿಕೊಳ್ಳುವ ಕಡೆಗೆ ತಳ್ಳುತ್ತದೆ. ತಾನೇ ಹೊಲಸೆಂಬ ನಾಚಿಕೆ ಬಚ್ಚಿಟ್ಟುಕೊಳ್ಳುವ ಕಡೆಗೆ ತಳ್ಳುತ್ತದೆ, ಬಚ್ಚಿಟ್ಟದ್ದೇ ಈ ಕಾಯಿಲೆ ಬೆಳೆಯುವ ಜಾಗ.

ಚಿಕಿತ್ಸೆ ಹೇಗಿರುತ್ತದೆ ಎಂದರೆ, ಮೊದಲ ಕೆಲವು ವಾರ ನಂಬಿಕೆಗೆ ಕೈಹಾಕುವುದಿಲ್ಲ. ಒತ್ತಡ ಏಳುವ ಹೊತ್ತು, ಜಾಗ, ಅದಕ್ಕೆ ಹಿಂದಿನ ಒಂದೆರಡು ಗಂಟೆಯಲ್ಲಿ ನಡೆದದ್ದು, ಮನಸ್ಸಿನಲ್ಲಿ ಹಾದುಹೋದ ವಾಕ್ಯ, ಇಷ್ಟನ್ನು ಬರೆದಿಡಲು ಹೇಳುತ್ತಾರೆ. ಮಲಗುವ ಕೋಣೆಯಿಂದ ಮೊಬೈಲ್ ಹೊರಗಿಡುವುದು, ಕೈಯಲ್ಲಿ ಓಡಾಡುವ ಹಣಕ್ಕೆ ಮಿತಿ ಹಾಕುವುದು, ಸಂಪರ್ಕದ ನಂಬರುಗಳನ್ನು ಅಳಿಸುವುದು ಇಂಥ ಸಣ್ಣ ಕೆಲಸಗಳು ಬೇರನ್ನು ಕೀಳುವುದಿಲ್ಲ ನಿಜ, ಆದರೆ ಬೇರಿನ ಬಳಿ ಹೋಗಲು ಸಮಯ ಕೊಡುತ್ತವೆ. ಒತ್ತಡ ಎದ್ದಾಗ ಅದರ ಜೊತೆ ಕುಸ್ತಿಗೆ ನಿಲ್ಲದೆ, ಅದು ಏರಿ, ತುದಿ ಮುಟ್ಟಿ, ಇಳಿಯುವವರೆಗೂ ಗಮನಿಸುತ್ತಾ ಕೂರುವ ಅಭ್ಯಾಸವನ್ನೂ ಕಲಿಸುತ್ತಾರೆ. ಕುಡಿತ ಬಿಡುವಾಗ ನೀವು ಇದನ್ನು ಕಲಿತಿದ್ದರೆ ಇಲ್ಲಿಯೂ ಅದೇ ಉಪಾಯ.

ಆಮೇಲೆ ನಂಬಿಕೆಯ ಸರದಿ. ‘ನಾನು ಹುಟ್ಟಾ ಕೆಟ್ಟವನು’ ಎಂಬುದಕ್ಕೆ ಪರವಾಗಿ, ವಿರುದ್ಧವಾಗಿ ನಿಮ್ಮ ಬದುಕಿನಲ್ಲಿ ಏನೇನಿದೆ ಎಂದು ವರ್ಷವರ್ಷವಾಗಿ ಬರೆಸುತ್ತಾರೆ. ಒಂದೂವರೆ ವರ್ಷ ಕುಡಿಯದೆ ಇರುವುದನ್ನು ನೀವು ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗಿದ್ದೀರಿ. ನಂಬಿಕೆಗೆ ಹೊಂದದ ಸಾಕ್ಷ್ಯವನ್ನು ಮನಸ್ಸು ಹೀಗೇ ದಾಟಿಸಿಬಿಡುತ್ತದೆ. ವಾದದಿಂದ ಮಾತ್ರ ಅದು ಸಡಿಲವಾಗುವುದಿಲ್ಲ, ಏಕೆಂದರೆ ಅದು ವಾದದಿಂದ ಬಂದದ್ದಲ್ಲ. ಹಾಗಾಗಿ ಕಣ್ಣುಮುಚ್ಚಿ ಆ ಹಳೆಯ ಸಂಜೆಯನ್ನು ನೆನಪಿಗೆ ತಂದುಕೊಂಡು, ಈಗಿನ ವಯಸ್ಕನಾದ ನೀವು ಆ ಹುಡುಗನ ಪಕ್ಕದಲ್ಲಿ ನಿಂತು ಅಪ್ಪನಿಗೆ ಉತ್ತರ ಕೊಡುವಂತೆ ಕಲ್ಪಿಸಿಕೊಳ್ಳುವ ವಿಧಾನವೂ ಇದೆ. ಕೇಳಲು ನಾಟಕದಂತಿದ್ದರೂ ಅನುಭವಿ ಚಿಕಿತ್ಸಕರ ಕೈಯಲ್ಲಿ ಅದು ಗಂಭೀರವಾದ ಕೆಲಸ. ಹಾಗೆಂದು ಸ್ಕೀಮಾಗಳನ್ನು ಸಡಿಲಿಸುವ ಈ ಚಿಕಿತ್ಸೆಯನ್ನು, ಅಂದರೆ ಸ್ಕೀಮಾ ಥೆರಪಿಯನ್ನು, ರಾಮಬಾಣವೆಂದು ನಾನು ಹೇಳುವುದಿಲ್ಲ. ವ್ಯಕ್ತಿತ್ವದ ಕೆಲವು ಕಾಯಿಲೆಗಳಲ್ಲಿ ಅದಕ್ಕೆ ಒಳ್ಳೆಯ ಆಧಾರವಿದೆ. ವ್ಯಸನಿಗಳಲ್ಲಿ ನಡೆದ ಪ್ರಯೋಗಗಳ ಫಲ ಮಿಶ್ರವಾಗಿದೆ. ಕಾಮದ ಒತ್ತಡಕ್ಕೆ, ಯೋಚನೆ ಮತ್ತು ವರ್ತನೆಗಳನ್ನು ತಿದ್ದುವ ಸಾಮಾನ್ಯ ಅರಿವಿನ ವರ್ತನಾ ಚಿಕಿತ್ಸೆಯನ್ನೇ, ಅಂದರೆ ಸಿಬಿಟಿಯನ್ನೇ, ಮೊದಲು ಆರಿಸಿಕೊಳ್ಳುವವರು ಹೆಚ್ಚು. ನಿಮ್ಮ ಊರಿನ ಸುತ್ತ ಯಾವುದು ಸಿಗುತ್ತದೋ ಅದರಿಂದ ಆರಂಭಿಸಿ.

ಔಷಧದ ಬಗ್ಗೆ ಎರಡು ಮಾತು ಸಾಕು. ಈ ಕಾಯಿಲೆಗೆಂದೇ ಅನುಮೋದನೆ ಪಡೆದ ಮಾತ್ರೆ ಯಾವುದೂ ಇಲ್ಲ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್‌ನಂಥ ಮಾತ್ರೆಗಳನ್ನೂ, ಕುಡಿತದ ಹಂಬಲಕ್ಕೆ ಕೊಡುವ ನಾಲ್ಟ್ರೆಕ್ಸೋನನ್ನೂ ವೈದ್ಯರು ಕೆಲವೊಮ್ಮೆ ಬಳಸುತ್ತಾರೆ. ನಾಲ್ಟ್ರೆಕ್ಸೋನ್ ಆರಂಭಿಸುವ ಮುನ್ನ ಲಿವರಿನ ಪರೀಕ್ಷೆ ಬೇಕು, ಅಫೀಮು ವರ್ಗದ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಕೊಡಲೇಬಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. 2014ರಿಂದ ತಂತ್ರಜ್ಞಾನದ ಅತಿಬಳಕೆಗಾಗಿ ‘ಶಟ್’ ಕ್ಲಿನಿಕ್ ಕೂಡ ಇದೆ. ಉತ್ತರ ಕರ್ನಾಟಕದವರಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ದೂರ ಹೋಗಲಾಗದವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಮನೋಚೈತನ್ಯ ಕ್ಲಿನಿಕ್ ಇದೆ. ‘ಕುಡಿತ ಬಿಟ್ಟಿದ್ದೇನೆ, ಈಗ ಲೈಂಗಿಕ ವಿಷಯದಲ್ಲಿ ಹತೋಟಿ ತಪ್ಪಿದೆ’ ಎಂಬ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟರೂ ಸಾಕು, ಮುಂದಿನದನ್ನು ಕೇಳುವುದು ವೈದ್ಯರ ಕೆಲಸ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರಗಳಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ.

ಕೊನೆಯದಾಗಿ, ಹೆಂಡತಿಗೆ ಹೇಳಬೇಕೆ? ಈ ಪ್ರಶ್ನೆಯನ್ನು ಎರಡಾಗಿ ಒಡೆಯಿರಿ. ಅವರ ದೇಹಕ್ಕೆ ಸಂಬಂಧಿಸಿದ ಭಾಗಕ್ಕೆ ಕಾಯುವ ಅವಕಾಶವಿಲ್ಲ. ಈ ವಾರವೇ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಮಾಡಿಸಿ, ಅದು ಉಚಿತ, ಗೋಪ್ಯ. ಜೊತೆಗೆ ಸಿಫಿಲಿಸ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೂ ಆಗಲಿ. ಇತ್ತೀಚೆಗೆ ಕಾಂಡೋಮ್ ಇಲ್ಲದೆ ಸಂಪರ್ಕವಾಗಿದ್ದರೆ ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. 72 ಗಂಟೆಯೊಳಗಾದರೆ ಸೋಂಕು ತಡೆಯುವ ಔಷಧದ ಬಗ್ಗೆ ಕೂಡಲೇ ವಿಚಾರಿಸಿ. ಫಲಿತಾಂಶ ಸ್ಪಷ್ಟವಾಗುವವರೆಗೆ ಅವರೊಂದಿಗೆ ಕಾಂಡೋಮ್ ಇಲ್ಲದ ಸಂಪರ್ಕ ಬೇಡ. ಸೋಂಕು ಪತ್ತೆಯಾದರೆ ಅವರಿಗೆ ತಿಳಿಯಲೇಬೇಕು, ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಾಲ್ಯದ ನಂಬಿಕೆ ನಿಮ್ಮ ವರ್ತನೆಯನ್ನು ವಿವರಿಸುತ್ತದೆ, ಈ ಹೊಣೆಯಿಂದ ನಿಮ್ಮನ್ನು ಬಿಡಿಸುವುದಿಲ್ಲ.

ಉಳಿದ ಭಾಗವನ್ನು, ಎಂದರೆ ನಡೆದುದರ ಪೂರ್ತಿ ಕಥೆಯನ್ನು, ಹೇಸಿಗೆ ಉಕ್ಕಿದ ಯಾವುದೋ ನಡುರಾತ್ರಿಯಲ್ಲಿ ಅವರ ಮುಂದೆ ಸುರಿಯಬೇಡಿ. ಹಾಗೆ ಹೇಳುವವನು ಅನೇಕ ವೇಳೆ ಬಯಸುವುದು ಶಿಕ್ಷೆಯನ್ನೋ ಕ್ಷಮೆಯನ್ನೋ. ಎರಡನ್ನೂ ಆ ಕ್ಷಣದಲ್ಲೇ ಕೊಡಬೇಕಾದ ಭಾರ ಕೇಳುವವಳ ಮೇಲೆ ಬೀಳುತ್ತದೆ. ಚಿಕಿತ್ಸಕರ ಜೊತೆ ಮೊದಲೇ ಮಾತಾಡಿ, ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಗೊತ್ತು ಮಾಡಿಕೊಂಡು, ಚಿಕಿತ್ಸಕರೂ ಇರುವ ಕೊಠಡಿಯಲ್ಲಿ ಹೆಂಡತಿಗೆ ಹೇಳುವುದು ಒಳ್ಳೆಯದು. ಕಂತು ಕಂತಾಗಿ, ಸಿಕ್ಕಿಬಿದ್ದಷ್ಟನ್ನೇ ಒಪ್ಪಿಕೊಳ್ಳುವುದು ಮಾತ್ರ ಬೇಡ. ಒಮ್ಮೆ ಮುರಿದ ವಿಶ್ವಾಸ ಪ್ರತಿ ಕಂತಿಗೂ ಮತ್ತೆ ಮುರಿಯುತ್ತದೆ. ಕೇಳಿದ ಮೇಲೆ ಅವರು ಸಿಟ್ಟಾಗಬಹುದು, ತವರಿಗೆ ಹೋಗಬಹುದು, ಬೇರೆಯಾಗುವ ಮಾತನ್ನೂ ಆಡಬಹುದು. ಹಾಗಾದರೆ ಅದನ್ನು ಅಪ್ಪನ ಮಾತಿಗೆ ಸಿಕ್ಕ ಪುರಾವೆಯೆಂದು ಓದಿಕೊಳ್ಳಬೇಡಿ. ಅದು ನೋವುಂಡ ಹೆಂಗಸೊಬ್ಬಳ ನ್ಯಾಯವಾದ ಉತ್ತರ, ಅವರಿಗೂ ಪ್ರತ್ಯೇಕವಾಗಿ ಒಬ್ಬ ಆಪ್ತಸಮಾಲೋಚಕರ ಅಗತ್ಯವಿರುತ್ತದೆ. ಅವರಿಗಾಗಿ ಆ ಏರ್ಪಾಡನ್ನು ಹೇಳುವ ದಿನಕ್ಕಿಂತ ಮೊದಲೇ ಮಾಡಿಡಿ.